ನಿಮ್ಮ ಬಾಮೈದ ಪರೋಪಜೀವಿ ಅಲ್ಲ

ನಾನು ಪರೋಪಜೀವಿಗಳ ಪಾಠ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅಂದ್ರೆ ನಮ್ಮ ಬಾಮೈದನ ಥರ, ಅಲ್ವಾ?" ಮೊದಲೆಲ್ಲ ನಗುತ್ತಿದ್ದೆ. ಈಗ ಆಗಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅಲ್ಲ. ಪರೋಪಜೀವಿ ಅನ್ನಬೇಕಾದರೆ ಎರಡು ಬೇರೆ ಬೇರೆ ಪ್ರಭೇದ ಬೇಕು, ಇದು ಮೊದಲ ದಿನದ ಪಾಠ. ನೀವೂ ನಿಮ್ಮ ಬಾಮೈದನೂ ಒಂದೇ ಪ್ರಭೇದ. ನಿಮಗೆ ಎಷ್ಟೇ ಅನುಮಾನ ಇರಲಿ.

ಒಮ್ಮೆ ರೈಲಿನಲ್ಲಿ ಒಬ್ಬರು ಇದೇ ಜೋಕು ಹೊಡೆದರು, ಬಾಮೈದನನ್ನು ಪಕ್ಕದಲ್ಲೇ ಕೂರಿಸಿಕೊಂಡು. ಆ ಹುಡುಗ ಸುಮ್ನೆ ಕಿಟಕಿ ಕಡೆ ತಿರುಗಿದ. ನನಗೆ ರೇಗಿತು. ಲಾಡಿಹುಳದ ಕತೆ ಶುರು ಮಾಡಿದೆ, ಅವರು ಊಟದ ಡಬ್ಬಿ ಬಿಚ್ಚಿದ್ದು ಗೊತ್ತಿದ್ದೇ. ಹಂದಿ ಲಾಡಿಹುಳದ ತಲೆ ಗುಂಡುಸೂಜಿಯ ತಲೆಯಷ್ಟು. ಅಷ್ಟರಲ್ಲೇ ನಾಲ್ಕು ಹೀರುಬಟ್ಟಲು, ಎರಡು ಸುತ್ತು ಕೊಕ್ಕೆ. ಬಾಯಿಲ್ಲ, ಹೊಟ್ಟೆಯಿಲ್ಲ. ನಮ್ಮ ಕರುಳಿಗೆ ಕೊಕ್ಕೆ ಹಾಕಿಕೊಂಡು, ನಾವು ಅರಗಿಸಿದ್ದನ್ನು ಮೈಯಿಂದಲೇ ಹೀರುತ್ತದೆ. ಮೀಟರುಗಟ್ಟಲೆ ಬೆಳೆದರೂ ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಉಂಡ ಮನೆಯ ಗಳ ಹಿರಿಯುವಷ್ಟು ದಡ್ಡ ಅಲ್ಲ ಅದು. ಆದರೆ ಅದರ ಮೊಟ್ಟೆ ನಮ್ಮ ಬಾಯಿಗೆ ಹೋದರೆ ಕತೆಯೇ ಬೇರೆ. ಮರಿ ಮಿದುಳು ಸೇರಿ ಮೂರ್ಛೆರೋಗ ತರಬಹುದು. ಹುಳ ಅದೇ, ಸೇರಿದ ಜಾಗ ಬೇರೆ.

ಡಬ್ಬಿ ಮುಚ್ಚಿತು. ಇಳಿಯುವಾಗ ಮೂರೂ ಬ್ಯಾಗು ಹೊತ್ತವನು ಬಾಮೈದನೇ.

ಯಾರಾದರೂ ಇದನ್ನು ಕೇಳಬಾರದೇ: "ಕೂಡಿ ಬಾಳೋದು ಎಲ್ಲಿ ಮುಗಿಯುತ್ತೆ, ಕದಿಯೋದು ಎಲ್ಲಿ ಶುರುವಾಗುತ್ತೆ?" ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1879ರಲ್ಲಿ ಸಿಂಬಯೋಸಿಸ್ ಅಂದಾಗ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದ. ಬೇರೆ ಬೇರೆ ಜೀವಿಗಳು ಒಟ್ಟಿಗೆ ಬಾಳಿದರೆ ಸಾಕು, ಪರೋಪಜೀವಿಯೂ ಅದರಲ್ಲೇ ಬಂತು. ಸರಿಯಾಗೇ ಮಾಡಿದ ಅಂತ ನನ್ನ ಲೆಕ್ಕ.

ಹವಳದ ದಿಬ್ಬದ ಕ್ಲೀನರ್ ಮೀನನ್ನೇ ನೋಡಿ. ದೊಡ್ಡ ಮೀನುಗಳ ಮೈಗೆ ಅಂಟಿದ, ರಕ್ತ ಹೀರುವ ಪುಟ್ಟ ಜೀವಿಗಳನ್ನು ಹೆಕ್ಕಿ ತಿನ್ನುವುದು ಅದರ ಕೆಲಸ. ಆದರೆ ಅದಕ್ಕೆ ಜಾಸ್ತಿ ಇಷ್ಟ ಗಿರಾಕಿಯ ಮೈಮೇಲಿನ ಲೋಳೆ. ಒಂದು ತುತ್ತು ಲೋಳೆ ಕದ್ದರೆ ಸಾಕು, ಗಿರಾಕಿ ಬೆಚ್ಚಿ ಮೈ ಕೊಡವುತ್ತದೆ. ಕೆಲವೊಮ್ಮೆ ಅಟ್ಟಿಸಿಕೊಂಡೂ ಹೋಗುತ್ತದೆ. ಆಗ ಕಳ್ಳ ಏನು ಮಾಡುತ್ತದೆ ಗೊತ್ತಾ? ಗಿರಾಕಿಯ ಬೆನ್ನ ಮೇಲೆ ತೇಲಿಕೊಂಡು, ಈಜುರೆಕ್ಕೆಗಳಿಂದ ಮೆಲ್ಲಗೆ ನೇವರಿಸುತ್ತದೆ.