ಮುಟ್ಟುವ ಮೊದಲು ಬರೆಯಲು ಕಲಿಸಿದವರು

ಕಂಪ್ಯೂಟರು, ಫೋನುಗಳಲ್ಲಿ ಅಪರಾಧದ ಸಾಕ್ಷ್ಯ ಹುಡುಕುವ ವಿದ್ಯೆಗೆಂದೇ ಇರುವ ನಮ್ಮ ವಿಭಾಗದ ಡಿಜಿಟಲ್ ಫೊರೆನ್ಸಿಕ್ಸ್ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ ಪ್ರಾಧ್ಯಾಪಕರು ಕಳೆದ ಮಾಘಮಾಸದಲ್ಲಿ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದ ನುಡಿನಮನದ ಸಭೆಯಲ್ಲಿ ಮಾತನಾಡಿದವರಲ್ಲಿ ಯಾರಿಗೂ ಎರಡನೆಯ ಸೆಮಿಸ್ಟರಿನಲ್ಲಿ ಯಾವ ಯಾವ ಪತ್ರಿಕೆಗಳಿದ್ದವು ಎಂಬುದು ನೆನಪಿರಲಿಲ್ಲ. ಆದರೆ ಪ್ರಯೋಗಾಲಯದ ಮೇಜಿನ ಮೇಲೆ ಸಾಕ್ಷ್ಯದ ಪೊಟ್ಟಣ ಇಟ್ಟೊಡನೆ ಕೈ ಚಾಚಿದವರನ್ನು ತಡೆದು, "ಮೊದಲು ಬರೆ, ಆಮೇಲೆ ಮುಟ್ಟು" ಎನ್ನುತ್ತಿದ್ದ ಅವರ ಧ್ವನಿಯನ್ನು ಎಲ್ಲರೂ ನೆನೆದರು. ಈ ಸಂಚಿಕೆಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ನಾನು ಒಪ್ಪಿಕೊಂಡದ್ದು ಆ ಮಾತಿನ ಋಣಕ್ಕಾಗಿ.

ನಾವು ಓದಿದ್ದು 2013ರಿಂದ 2015ರವರೆಗೆ, ಬೆಂಗಳೂರಿನಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮರುವರ್ಷವೇ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದ ಊರು ಇದು. ಹಾಗಿದ್ದರೂ ಫೊರೆನ್ಸಿಕ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ ಎಂದರೆ ಬಂಧುಗಳು ಶವಪರೀಕ್ಷೆಯ ಕೋಣೆಯನ್ನೇ ಕಲ್ಪಿಸಿಕೊಳ್ಳುತ್ತಿದ್ದರು. ನಮ್ಮ ತರಗತಿಗೆ ಬಂದವರಲ್ಲಿ ಬಿಸಿಎ ಮುಗಿಸಿದವರಿದ್ದರು, ಭೌತಶಾಸ್ತ್ರದವರಿದ್ದರು, ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಒಬ್ಬ ಅಕ್ಕನೂ ಇದ್ದರು. ಸಿನಿಮಾಗಳಲ್ಲಿ ನೋಡಿದಂತೆ ಮೊದಲ ವಾರವೇ ಅಳಿಸಿಹೋದ ಚಿತ್ರಗಳನ್ನೆಲ್ಲ ಮೇಲೆತ್ತಿಬಿಡುತ್ತೇವೆ ಎಂಬ ಉತ್ಸಾಹ ಎಲ್ಲರಿಗೂ ಇತ್ತು.

ಸರ್ ನಮಗೆ ಬಹಳ ದಿನ ಯಾವ ತಂತ್ರಾಂಶವನ್ನೂ ಮುಟ್ಟಗೊಡಲಿಲ್ಲ. ಮೊದಲು ಬಂದದ್ದು ಮುದ್ರೆ ಹಾಕಿದ ಲಕೋಟೆ. ಅದರ ಮೇಲಿನ ಅರಗು ಒಡೆದಿದೆಯೇ, ಸಹಿ ಯಾರದು, ಒಳಗಿನ ಹಾರ್ಡ್ ಡಿಸ್ಕಿನ ಕ್ರಮಸಂಖ್ಯೆ ಏನು, ಮೂಲೆಯಲ್ಲಿ ಗೀರು ಇದೆಯೇ ಎಂಬುದನ್ನೆಲ್ಲ ಸಮಯ ನಮೂದಿಸಿ ಕೈಬರಹದಲ್ಲಿ ಬರೆಯಬೇಕಾಗಿತ್ತು. ಅನಂತರ ರೈಟ್ ಬ್ಲಾಕರ್ ಜೋಡಿಸಬೇಕು. ನಮ್ಮ ಕಂಪ್ಯೂಟರು ಡಿಸ್ಕಿನಿಂದ ಓದಬಹುದು, ಅದರ ಮೇಲೆ ಒಂದು ಬಿಟ್ಟನ್ನೂ ಬರೆಯಬಾರದು ಎಂಬುದಕ್ಕಾಗಿ ಇರುವ ಸಾಧನ ಅದು. ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಪ್ರತಿ ತೆಗೆದು, ಮೂಲಕ್ಕೂ ಪ್ರತಿಗೂ ಹ್ಯಾಶ್ (ಒಳಗಿನ ಮಾಹಿತಿ ಕೊಂಚ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕಿ, ಅದರ ಎರಡು ವಿಧಗಳಾದ ಎಂಡಿ5ರ 32 ಅಕ್ಷರಗಳನ್ನೂ ಎಸ್‌ಎಚ್‌ಎ-1ರ 40 ಅಕ್ಷರಗಳನ್ನೂ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಿ ಹೌದೆನ್ನಬೇಕು. ಎರಡು ಬೇರೆ ಕಡತಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದೆಂದು 2004ರಲ್ಲೇ ಚೀನಾದ ಗಣಿತಜ್ಞೆ ವಾಂಗ್ ಶಿಯಾಯುನ್ ಮತ್ತು ಸಂಗಡಿಗರು ತೋರಿಸಿದ್ದರಿಂದ, ಒಂದೇ ಹ್ಯಾಶನ್ನು ನಂಬಿ ಕೂರಬಾರದು ಎಂಬುದು ಸರ್ ಅವರ ಕಟ್ಟಪ್ಪಣೆಯಾಗಿತ್ತು. 2017ರಲ್ಲಿ ಎಸ್‌ಎಚ್‌ಎ-1 ಕೂಡ ಅದೇ ದಾರಿ ಹಿಡಿದಾಗ ನಾನು ಕೆಲಸದಲ್ಲಿದ್ದೆ. ಆ ಸುದ್ದಿ ಓದಿದ ಕೂಡಲೇ ಸರ್ ಅವರಿಗೆ ಫೋನು ಮಾಡಿದೆ.

ಪ್ರತಿ ಕೈಗೆ ಬಂದ ಮೇಲೂ ಗುಂಡಿ ಒತ್ತುವ ಸಲಕರಣೆ ಸಿಗಲಿಲ್ಲ. ಸಿಕ್ಕದ್ದು ಡಿಸ್ಕಿನ ಬೈಟುಗಳನ್ನು ಇದ್ದಹಾಗೇ ತೋರಿಸುವ ಹೆಕ್ಸ್ ಎಡಿಟರ್ ಮಾತ್ರ. ಸಾಲುಸಾಲಾಗಿ ನಿಂತ ಹದಿನಾರರ ಸಂಖ್ಯೆಗಳ ನಡುವೆ ಎಫ್‌ಎಫ್, ಡಿ8, ಎಫ್‌ಎಫ್ ಕಂಡರೆ ಅಲ್ಲೊಂದು ಜೆಪಿಇಜಿ ಚಿತ್ರ ಶುರುವಾಗುತ್ತದೆ, ಎಫ್‌ಎಫ್, ಡಿ9 ಕಂಡರೆ ಮುಗಿಯುತ್ತದೆ. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಹಳೆಯ ಕ್ರಮವಾದ ಫ್ಯಾಟ್ ವ್ಯವಸ್ಥೆಯಲ್ಲಿ ಕಡತವನ್ನು ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಇ5 ಬಂದು ಕೂರುತ್ತದೆ, ಒಳಗಿನ ಮಾಹಿತಿ ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಇದ್ದಲ್ಲೇ ಇರುತ್ತದೆ. ಇವನ್ನು ನಾವು ಬಾಲ್ಯದಲ್ಲಿ ಮಗ್ಗಿ ಕಲಿತಂತೆ ಕಲಿತೆವು. ಇಂದಿಗೂ ಯಾವುದೇ ತಂತ್ರಾಂಶ ಇಲ್ಲಿ ಚಿತ್ರವಿದೆ ಎಂದು ತೋರಿಸಿದರೆ, ಆ ಬೈಟುಗಳನ್ನು ಕಣ್ಣಾರೆ ನೋಡದೆ ನನಗೆ ಸಮಾಧಾನವಿಲ್ಲ.

ಅವರ ಇನ್ನೊಂದು ಹಟ ಸಮಯದ ಬಗ್ಗೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆ ಕಾಲವನ್ನು 1601ರ ಜನವರಿ 1ರಿಂದ ಎಣಿಸುತ್ತದೆ, ಅದೂ ವಿಶ್ವಸಮಯದಲ್ಲಿ. ಯುನಿಕ್ಸ್ 1970ರಿಂದ ಎಣಿಸುತ್ತದೆ. ಫ್ಯಾಟ್ ವ್ಯವಸ್ಥೆ 1980ರಿಂದ, ಆಯಾ ಕಂಪ್ಯೂಟರಿನ ಸ್ಥಳೀಯ ಗಡಿಯಾರ ಹೇಳಿದಂತೆ ಬರೆದುಕೊಳ್ಳುತ್ತದೆ. ಈ ವ್ಯತ್ಯಾಸ ಮರೆತವನು ಐದೂವರೆ ಗಂಟೆ ತಪ್ಪುತ್ತಾನೆ. ವಿಶ್ವಸಮಯದ ಸಂಜೆ 6 ಗಂಟೆ 40 ನಿಮಿಷವೆಂದರೆ ನಮ್ಮಲ್ಲಿ ಮಧ್ಯರಾತ್ರಿ ಕಳೆದು 10 ನಿಮಿಷ, ಅಂದರೆ ತಾರೀಖೇ ಬೇರೆ. "ಆ ಸಂಜೆ ಆರೂ ನಲವತ್ತಕ್ಕೆ ಕಚೇರಿಯಲ್ಲಿದ್ದವನು ಒಬ್ಬ, ನಡುರಾತ್ರಿ ಅಲ್ಲಿದ್ದವನು ಇನ್ನೊಬ್ಬ. ನೀನು ಯಾರನ್ನು ಜೈಲಿಗೆ ಕಳಿಸುತ್ತೀಯ?" ಎಂದು ಸರ್ ಕೇಳುತ್ತಿದ್ದರು. ಉತ್ತರಕ್ಕಾಗಿ ಅವರು ನಿಜವಾಗಿಯೂ ಕಾಯುತ್ತಿದ್ದರು. ತರಗತಿ ಆ ಪ್ರಶ್ನೆಯ ಮುಂದೆ ಬಹಳ ಹೊತ್ತು ಕೂರಬೇಕಾಗುತ್ತಿತ್ತು.

ಇಂಥವರನ್ನು ಪರೀಕ್ಷಿಸಿ ನೋಡಬೇಕೆಂಬ ಆಸೆ ನಮಗೆ ಹುಟ್ಟಿದ್ದು ಸಹಜವೇ. ಸೋಮವಾರದ ಪ್ರಾತ್ಯಕ್ಷಿಕೆಗೆಂದು ಅವರು ಒಂದು ಹಾರ್ಡ್ ಡಿಸ್ಕ್ ಸಿದ್ಧ ಮಾಡಿ ಇಟ್ಟಿರುತ್ತಿದ್ದರು. ರಾಜ್ಯೋತ್ಸವದ ಆಸುಪಾಸಿನ ಒಂದು ಶನಿವಾರ ರಾತ್ರಿ ನಾವು ನಾಲ್ವರು ಅದನ್ನು ಏಳನೆಯ ನಂಬರಿನ ಕಂಪ್ಯೂಟರಿಗೆ ಜೋಡಿಸಿ, ಹಾಸ್ಟೆಲ್ಲಿನ ಬಿಸಿಬೇಳೆಬಾತಿನ ಒಂದು ಚಿತ್ರವನ್ನು ಅದರಲ್ಲಿ ಬಚ್ಚಿಟ್ಟೆವು. ಕಡತದ ಹೆಸರನ್ನು ವಿಂಡೋಸ್‌ನ ಒಳಕಡತದಂತೆ ಬದಲಾಯಿಸಿದೆವು. ಅನಂತರ ಸಮಯ ತಿದ್ದುವ ಉಪಕರಣವೊಂದರಿಂದ ಅದು ಹುಟ್ಟಿದ ದಿನವನ್ನು 1956ರ ನವೆಂಬರ್ 1 ಎಂದು ಮಾಡಿದೆವು. ಕನ್ನಡನಾಡು ಒಂದಾದ ದಿನವೇ ಹುಟ್ಟಿದ ಬಿಸಿಬೇಳೆಬಾತಿನ ಬಣ್ಣದ ಡಿಜಿಟಲ್ ಚಿತ್ರ! ಅದನ್ನು ಕಂಡು ಸರ್ ಏನು ಹೇಳುತ್ತಾರೆಂದು ಭಾನುವಾರವಿಡೀ ನಕ್ಕೆವು.

ಸೋಮವಾರ ಅವರು ಏನೂ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಪ್ರಯೋಗಾಲಯದ ಫಲಕದ ಮೇಲೆ ಎರಡು ಪುಟದ ವರದಿಯೊಂದು ಅಂಟಿತ್ತು, ನ್ಯಾಯಾಲಯಕ್ಕೆ ಸಲ್ಲಿಸುವ ಕ್ರಮದಲ್ಲೇ. ಹೆಸರಿನ ಬಾಲ ಏನೇ ಇದ್ದರೂ ಕಡತದ ಮೊದಲ ಬೈಟುಗಳು ಜೆಪಿಇಜಿಯವು ಎಂದು ಅದರಲ್ಲಿತ್ತು. ಎನ್‌ಟಿಎಫ್‌ಎಸ್‌ನ ಮುಖ್ಯ ಕೋಷ್ಟಕದಲ್ಲಿ ಪ್ರತಿ ಕಡತಕ್ಕೂ ಸಮಯದ ಎರಡು ಗುಂಪುಗಳಿರುತ್ತವೆ. ಸಾಮಾನ್ಯ ಉಪಕರಣಗಳು ತಿದ್ದುವುದು ಮೊದಲ ಗುಂಪನ್ನು ಮಾತ್ರ, ಹೆಸರಿನ ಜೊತೆಗಿರುವ ಎರಡನೆಯದು ವ್ಯವಸ್ಥೆಯ ಕೈಯಲ್ಲೇ ಉಳಿಯುತ್ತದೆ. ಆ ಎರಡನೆಯ ಗುಂಪು ಶನಿವಾರ ರಾತ್ರಿಯನ್ನು ತೋರಿಸುತ್ತಿದೆ ಎಂದು ಅವರು ದಾಖಲಿಸಿದ್ದರು. 1956ರ ಸಮಯದಲ್ಲಿ ಸೆಕೆಂಡಿನ ನಂತರದ ಅಂಕಿಗಳೆಲ್ಲ ಬರೀ ಸೊನ್ನೆಯಾಗಿರುವುದು ತಿದ್ದುಪಡಿಯ ಇನ್ನೊಂದು ಸೂಚನೆ ಎಂದಿದ್ದರು. ಈ ಡಿಸ್ಕಿನ ಕ್ರಮಸಂಖ್ಯೆ ಏಳನೆಯ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಲೆಕ್ಕಗಳನ್ನು ಬರೆದಿಟ್ಟುಕೊಳ್ಳುವ ಜಾಗ) ದಾಖಲಾಗಿರುವುದನ್ನೂ, ಚಿತ್ರದೊಳಗೆ ಅದನ್ನು ತೆಗೆದ ಫೋನಿನ ಮಾದರಿ ಉಳಿದಿರುವುದನ್ನೂ ಬರೆದಿದ್ದರು. ಆ ಮಾದರಿಯ ಫೋನು ತರಗತಿಯಲ್ಲಿ ಯಾರ ಕಿಸೆಯಲ್ಲಿತ್ತು ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆದರೆ ವರದಿಯ ಕೊನೆಯ ಸಾಲುಗಳು ಹೀಗಿದ್ದವು: "ಈ ಮಾದರಿಯ ಫೋನುಗಳು ಊರಿನಲ್ಲಿ ಅನೇಕ. ಕಂಪ್ಯೂಟರಿನ ಮುಂದೆ ಆ ವೇಳೆಯಲ್ಲಿ ಯಾರು ಕುಳಿತಿದ್ದರು ಎಂಬುದನ್ನು ಡಿಸ್ಕ್ ಹೇಳುವುದಿಲ್ಲ. ಆದ್ದರಿಂದ ಪರೀಕ್ಷಕನು ಯಾರ ಹೆಸರನ್ನೂ ಹೇಳುವುದಿಲ್ಲ." ನಾವು ನಾಲ್ವರೂ ಅದರ ಮುಂದೆ ನಿಂತು ಓದಿದೆವು. ಬೈಗುಳಕ್ಕೆ ಸಿದ್ಧರಾಗಿದ್ದ ನಮಗೆ ಸಿಕ್ಕದ್ದು ಎರಡು ವರ್ಷದ ಓದಿನಲ್ಲೇ ಅತ್ಯುತ್ತಮವಾದ ಪಾಠ. ಆ ದಿನದ ಪ್ರಾತ್ಯಕ್ಷಿಕೆಗೆ ಅವರು ನಮ್ಮ ಕಡತವನ್ನೇ ಬಳಸಿಕೊಂಡರು. ಮುಂದಿನ ತಂಡಗಳಿಗೂ ಅದನ್ನೇ ಕೊಡುತ್ತಿದ್ದರೆಂದು ಆಮೇಲೆ ತಿಳಿದು ನನಗೆ ಹೆಮ್ಮೆಯೇ ಆಯಿತು.

ನಮ್ಮನ್ನು ರೂಪಿಸಿದ ಇನ್ನೊಬ್ಬರು ಸಂಜೆ ಕೋರ್ಟು ಮುಗಿಸಿಕೊಂಡು ಕಪ್ಪು ಕೋಟಿನಲ್ಲೇ ಬರುತ್ತಿದ್ದ ವಕೀಲೆ ಮೇಡಂ. ಕಂಪ್ಯೂಟರಿನಿಂದ ತೆಗೆದ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕೆನ್ನುವ, ಸಾಕ್ಷ್ಯ ಅಧಿನಿಯಮದ 65-ಬಿ ಕಲಮು ಅವರ ಬಾಯಲ್ಲಿ ಕಥೆಯಾಗುತ್ತಿತ್ತು. ಸಂಸತ್ತಿನ ಮೇಲಿನ ದಾಳಿಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಪ್ರಮಾಣಪತ್ರವಿಲ್ಲದಿದ್ದರೂ ಫೋನ್ ಕರೆಗಳ ದಾಖಲೆಯನ್ನು ಸ್ವೀಕರಿಸಬಹುದು ಎಂದಿತ್ತು. ನಾವು ಮೂರನೆಯ ಸೆಮಿಸ್ಟರಿನಲ್ಲಿದ್ದಾಗ, 2014ರ ಸೆಪ್ಟೆಂಬರ್ 18ರಂದು, ಕೇರಳದ ಚುನಾವಣಾ ತಕರಾರಿನ ಅನ್ವರ್ ವಿರುದ್ಧ ಬಷೀರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ನಿಲುವನ್ನು ತಳ್ಳಿಹಾಕಿ, ಪ್ರಮಾಣಪತ್ರವಿಲ್ಲದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಮುಂದಿನ ತರಗತಿಗೆ ಮೇಡಂ ತೀರ್ಪಿನ ಪ್ರತಿ ಹಿಡಿದು ಬಂದು, ನಾವು ಅದುವರೆಗೆ ಬರೆದಿದ್ದ ಅಭ್ಯಾಸ ವರದಿಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿ, ಇವುಗಳಲ್ಲಿ ಒಂದೂ ಇನ್ನು ಮೇಲೆ ನಿಲ್ಲುವುದಿಲ್ಲ, ಮತ್ತೆ ಬರೆಯಿರಿ ಎಂದರು. ಕಾನೂನು ನಮ್ಮ ಕಣ್ಣೆದುರೇ ಬದಲಾಗುವುದನ್ನು ನೋಡಿದ ಅದೃಷ್ಟ ನಮ್ಮ ತಂಡದ್ದು.

ಅವರು ನಡೆಸುತ್ತಿದ್ದ ಅಣಕು ಪಾಟೀಸವಾಲಿನಲ್ಲಿ ಹಲವರು ಬೆವೆತಿದ್ದಾರೆ. "ಆ ಕಂಪ್ಯೂಟರಿನ ಗಡಿಯಾರ ಸರಿಯಿತ್ತೆಂದು ನಿಮಗೆ ಹೇಗೆ ಗೊತ್ತು? ಪಾಸ್‌ವರ್ಡು ಮನೆಯಲ್ಲಿ ಬೇರೆ ಯಾರಿಗೂ ತಿಳಿದಿರಲಿಲ್ಲವೆಂದು ಪ್ರಮಾಣ ಮಾಡುತ್ತೀರಾ?" ನನ್ನ ಸರದಿ ಬಂದಾಗ ಗಡಿಯಾರದ ಪ್ರಶ್ನೆಗೆ, ಡಿಸ್ಕ್ ವಶಪಡಿಸಿಕೊಂಡಾಗಲೇ ಯಂತ್ರದ ಸಮಯವನ್ನು ನಿಜ ಸಮಯದೊಡನೆ ಹೋಲಿಸಿ ಬರೆದುಕೊಂಡ ಪುಟವನ್ನು ತೋರಿಸಿದೆ. ಪಾಸ್‌ವರ್ಡಿನ ಪ್ರಶ್ನೆಗೆ, ಅದು ನನ್ನ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ, ನಾನು ಹೇಳಲಾರೆ ಎಂದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸರ್ ತಲೆಯಾಡಿಸಿದ್ದು ನನಗೆ ದೊರೆತ ಯಾವ ಅಂಕಕ್ಕಿಂತಲೂ ದೊಡ್ಡದು.

ಇಂದು ನಾನು ರಾಜ್ಯದ ಹಲವು ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿದಿದ್ದೇನೆ. ಪೆಟ್ಟಿಗೆಯಲ್ಲಿ ನಿಂತು ವರದಿಯಲ್ಲಿ ಬರೆದುದಕ್ಕಿಂತ ಒಂದು ಮಾತನ್ನೂ ಹೆಚ್ಚಾಗಿ ಹೇಳಿದವನಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಿರಿಯ ಪರೀಕ್ಷಕರು ತಮ್ಮ ಕರಡುಗಳನ್ನು ನನಗೆ ಕಳುಹಿಸುತ್ತಾರೆ. ಅವುಗಳಲ್ಲಿ "ಆರೋಪಿಯು ಕಡತವನ್ನು ಅಳಿಸಿದ್ದಾನೆ" ಎಂದಿದ್ದರೆ ಅದನ್ನು ಹೊಡೆದುಹಾಕಿ, "ಆರೋಪಿಯ ಹೆಸರಿನ ಖಾತೆ ತೆರೆದಿದ್ದಾಗ ಕಡತವು ಅಳಿಸಲ್ಪಟ್ಟಿರುವುದು ಕಂಡುಬಂದಿದೆ" ಎಂದು ತಿದ್ದುತ್ತೇನೆ. ಈ ಎರಡು ವಾಕ್ಯಗಳ ನಡುವೆ ಒಬ್ಬ ಮನುಷ್ಯನ ಬದುಕೇ ಇದೆ. ಸರ್ ನನ್ನ ವರದಿಗಳಲ್ಲಿ ಇದನ್ನೇ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು.

ಈಗ ಕಾಲ ಈ ವಿದ್ಯೆಯ ಕಡೆಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಬರೆಯಲು ಜಾಗವೇ ಇದೆ, ತಜ್ಞರು ಸಹಿ ಮಾಡಬೇಕಾದ ಪ್ರತ್ಯೇಕ ಭಾಗವೂ ಇದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೊಸ ದಂಡ ಪ್ರಕ್ರಿಯೆ ಸಂಹಿತೆಯೇ ಹೇಳುತ್ತದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾದಾಗ, ನಮ್ಮ ಉತ್ತರ ಕರ್ನಾಟಕದ ಮಕ್ಕಳು ಇನ್ನು ಗುಜರಾತಿನ ಗಾಂಧಿನಗರದವರೆಗೆ ಹೋಗಬೇಕಿಲ್ಲವೆಂದು ಸರ್ ಸಂಭ್ರಮಪಟ್ಟಿದ್ದರು.

ಆದರೂ ಒಂದು ಕೊರಗನ್ನು ಹೇಳಲೇಬೇಕು. ಸಂದರ್ಶನಕ್ಕೆ ಬರುವ ಹೊಸ ಪದವೀಧರರು ದುಬಾರಿ ತಂತ್ರಾಂಶಗಳ ಹೆಸರುಗಳನ್ನು ಸರಾಗವಾಗಿ ಹೇಳುತ್ತಾರೆ. ಅದೇ ತಂತ್ರಾಂಶ ಉಗುಳಿದ ಸಾವಿರ ಪುಟಗಳ ವರದಿಯನ್ನು ತಮ್ಮ ಪ್ರಾಜೆಕ್ಟ್ ಎಂದು ಮುಂದಿಡುತ್ತಾರೆ. ಅದರಲ್ಲಿನ ಒಂದು ಸಮಯವನ್ನು ತೋರಿಸಿ, ಇದು ಯಾವ ಗಡಿಯಾರದ್ದು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ತಪ್ಪು ಆ ಹುಡುಗರದಲ್ಲ. ಸೀಟುಗಳು ಹೆಚ್ಚಿದಷ್ಟು ವೇಗವಾಗಿ ಮೇಷ್ಟ್ರುಗಳು ಹೆಚ್ಚಲಿಲ್ಲ. ರೈಟ್ ಬ್ಲಾಕರನ್ನು ಚಿತ್ರದಲ್ಲಿ ಮಾತ್ರ ನೋಡಿ ಪದವಿ ಪಡೆದವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ. ಇಂದಿನ ವಿದ್ಯಾರ್ಥಿಗಳ ಹೊರೆ ನಮ್ಮದಕ್ಕಿಂತ ಭಾರವೆಂಬುದನ್ನೂ ಒಪ್ಪುತ್ತೇನೆ. ನಾವು ಕಲಿತ ತಿರುಗುವ ಡಿಸ್ಕುಗಳು ಅಳಿಸಿದ್ದನ್ನು ಬಹುಕಾಲ ಇಟ್ಟುಕೊಳ್ಳುತ್ತಿದ್ದವು; ಈಗಿನ ಎಸ್‌ಎಸ್‌ಡಿಗಳು ಅಳಿಸಿದ ಜಾಗ ಇನ್ನು ಬೇಡವೆಂದು ಕಂಪ್ಯೂಟರು ತಿಳಿಸುವ ಟ್ರಿಮ್ ಆದೇಶ ಬಂದೊಡನೆ ತಮ್ಮೊಳಗೇ ಸ್ವಚ್ಛ ಮಾಡಿಕೊಳ್ಳುತ್ತವೆ, ರೈಟ್ ಬ್ಲಾಕರ್ ಹಾಕಿದರೂ ಆ ಒಳಕೆಲಸ ನಿಲ್ಲುವುದಿಲ್ಲ. ಫೋನುಗಳಲ್ಲಿ ಗೂಢಲಿಪಿಯ ಬೀಗ. ಮೂಲವೇ ಹೀಗೆ ತಾನಾಗಿ ಬದಲಾಗುವಾಗ, ಯಾವ ಕ್ಷಣದಲ್ಲಿ ಏನನ್ನು ಹೇಗೆ ಮುಟ್ಟಿದೆವೆಂದು ಬರೆದಿಡುವ ಶಿಸ್ತು ಹಿಂದಿಗಿಂತ ಹೆಚ್ಚು ಬೇಕಾಗಿದೆ. ಅದನ್ನು ತಂತ್ರಾಂಶ ಕಲಿಸಲಾರದು.

ನುಡಿನಮನದ ದಿನವೇ ನಾವು ಕೆಲವರು ವಿಭಾಗದ ಮುಖ್ಯಸ್ಥರನ್ನು ಕಂಡು ಒಂದು ಕೋರಿಕೆ ಸಲ್ಲಿಸಿದ್ದೇವೆ. ಮೊದಲ ಸೆಮಿಸ್ಟರಿನ ಪ್ರಾಯೋಗಿಕ ತರಗತಿಗಳಲ್ಲಿ ಹೆಕ್ಸ್ ಎಡಿಟರ್ ಹೊರತು ಬೇರೇನನ್ನೂ ಬಳಸದ ಹಳೆಯ ಪದ್ಧತಿಯನ್ನು ಮತ್ತೆ ತರಬೇಕು. ಅದಕ್ಕೆ ಬೇಕಾದ ರೈಟ್ ಬ್ಲಾಕರುಗಳನ್ನು ಹಳೆಯ ವಿದ್ಯಾರ್ಥಿಗಳ ಸಂಘ ಕೊಡಿಸುತ್ತದೆ. ಶನಿವಾರದ ತರಗತಿಗಳನ್ನು ನಾನು ತೆಗೆದುಕೊಳ್ಳುತ್ತೇನೆ, ವಕೀಲೆ ಮೇಡಂ ಪಾಟೀಸವಾಲಿಗೆ ಬರಲು ಒಪ್ಪಿದ್ದಾರೆ. ಈ ವರ್ಷ ಸೇರಿದವರು ತಮ್ಮ ಹೆಸರುಗಳನ್ನು ವಿಭಾಗದ ಕಚೇರಿಯಲ್ಲಿ ಕೊಡಬಹುದು.