ಹಳ್ಳದ ಒಡ್ಡು: ಕೋಡಿಗೆ ಕೈ ಹಚ್ಚಬೇಡಿ

ಮುಂಗಾರು ಮುಗಿಯುತ್ತ ಬಂದಾಗ ಕಲಬುರಗಿ ಸೀಮೆಯ ಹಲವು ಊರುಗಳಲ್ಲಿ ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಒಡ್ಡಿನ ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರಹೋಗಲು ಬಿಟ್ಟ ದಾರಿಗೆ, ಅಡ್ಡ ಒಟ್ಟುತ್ತಾರೆ. ಇನ್ನೊಂದು ಮೊಳ ನೀರು ನಿಂತರೆ ಹಿಂಗಾರಿ ಜೋಳಕ್ಕೋ ಕಡಲೆಗೋ ಆದೀತು ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಮಣ್ಣಿನ ಒಡ್ಡನ್ನು ಒಡೆಯಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಲೆಕ್ಕ ಹಾಕಿ ನೋಡಿ. 50 ಹೆಕ್ಟೇರ್ ಎರಿ (ಕಪ್ಪು ಮಣ್ಣಿನ) ಹೊಲದ ನೀರು ಕೂಡುವ ಹಳ್ಳ ಎಂದಿಟ್ಟುಕೊಳ್ಳೋಣ. ತಾಸಿಗೆ 80 ಮಿ.ಮೀ. ರಭಸದಲ್ಲಿ ಮಳೆ ಹೊಡೆದು ಅದರಲ್ಲಿ ಅರ್ಧ ಹರಿದು ಬಂದರೆ, 0.5 × 80 × 50 ÷ 360 (360 ಅಳತೆ ಬದಲಿಸುವ ಭಾಜಕ), ಅಂದರೆ ಸೆಕೆಂಡಿಗೆ ಸುಮಾರು 5.6 ಘನ ಮೀಟರ್. ಇಷ್ಟು ನೀರು ಕೋಡಿಯ ಮೇಲೆ 60 ಸೆಂ.ಮೀ. ಎತ್ತರದಲ್ಲಿ ಹಾಯ್ದು ಹೋಗಲು ಕೋಡಿ 7 ಮೀಟರ್ ಅಗಲ ಬೇಕು. ಅದರ ಮೇಲೆ ತೆರೆಗಾಗಿ, ಮಣ್ಣಿನ ಕುಸಿತಕ್ಕಾಗಿ ಇನ್ನೂ 60 ಸೆಂ.ಮೀ. ಖಾಲಿ ಬಿಡುತ್ತಾರೆ. ಹೀಗೆ ಒಡ್ಡಿನ ತಲೆ ಕೋಡಿಗಿಂತ 1.2 ಮೀಟರ್ ಮೇಲೆ. ಈಗ ಒಂದು ಮೊಳ, ಅಂದರೆ 45 ಸೆಂ.ಮೀ., ಚೀಲ ಒಟ್ಟಿ. ಅದೇ ಮಳೆಗೆ ನೀರು 1.05 ಮೀಟರ್‌ಗೆ ಏರುತ್ತದೆ, ಉಳಿಯುವುದು 15 ಸೆಂ.ಮೀ. ಮಾತ್ರ. ಒಡ್ಡು ಹೆಚ್ಚು ಕುಸಿದಿರುವುದು ನಟ್ಟನಡುವೆ, ಹಳ್ಳದ ಹಳೆಯ ಪಾತ್ರದ ಮೇಲೆ, ಏಕೆಂದರೆ ತುಂಬಿದ ಮಣ್ಣು ಅಲ್ಲೇ ಹೆಚ್ಚು. ಗಾಳಿಗೆ ಎದ್ದ ತೆರೆ ಅಲ್ಲಿಂದ ದಾಟಿತೆಂದರೆ ಹಿಂಬದಿಯ ಇಳಿಜಾರು ಬುಡದಿಂದ ಕೊರೆಯುತ್ತ ಮೇಲಕ್ಕೆ ಬರುತ್ತದೆ. ಆಮೇಲೆ ಅದನ್ನು ನಿಲ್ಲಿಸಲು ಆಗುವುದಿಲ್ಲ.

ಪ್ರವಾಹ ತಡೆಯಲೆಂದು ಕಟ್ಟಿದ ಒಡ್ಡಿನ ಬೆಲೆ ಇರುವುದು ಅದರ ಖಾಲಿ ಜಾಗದಲ್ಲಿ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದು ಜಿಲ್ಲೆಯವರಿಗೆಲ್ಲ ನೆನಪಿದೆ. ಅಷ್ಟು ದೊಡ್ಡ ನದಿಯನ್ನು ಸಣ್ಣ ಒಡ್ಡು ತಡೆಯಲಾರದು, ನಿಜ. ಆದರೆ ಊರ ಹಳ್ಳದ ನೀರು ಒಮ್ಮೆಲೇ ತೊಗರಿ ಹೊಲಕ್ಕೆ ನುಗ್ಗದಂತೆ ಅದು ತಡೆಯಬಲ್ಲದು. ಅಕ್ಟೋಬರ್‌ನಲ್ಲಿ ನೆಲ ನೆನೆದಿರುತ್ತದೆ, ಬಿದ್ದ ಮಳೆ ಹಾಗೆಯೇ ಹರಿಯುತ್ತದೆ. ಆ ಹೊತ್ತಿಗೆ ಒಡ್ಡು ತುಂಬಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅದಕ್ಕೇ ತೂಬು. ಒಳಬದಿಯಲ್ಲಿ ತೂತುಗಳಿರುವ ನಿಲುವು ಕೊಳವೆ, ಅದರ ಸುತ್ತ ಕಸ ತಡೆಯುವ ಸರಳು, ಒಡ್ಡಿನಡಿ ಹಾಯ್ದು ಹೋಗುವ ಪೈಪು. ತುಂಬಿದ ನೀರು ಎರಡು ಮೂರು ದಿನದಲ್ಲಿ ಇಳಿಯುವಂತೆ ಪೈಪಿನ ಅಳತೆ ಹಿಡಿಯಬೇಕು. ಬೇಗ ಇಳಿದರೆ ಮರಳು ಮಾತ್ರ ಕೆಳಗೆ ಕೂಡುತ್ತದೆ, ಸಣ್ಣ ಮಣ್ಣು ನೀರಿನೊಂದಿಗೇ ಕಾಗಿಣೆ ನದಿಗೆ ಹೋಗುತ್ತದೆ. ತೀರ ನಿಧಾನವಾದರೆ ಮುಂದಿನ ಮಳೆಗೆ ಜಾಗ ಇರುವುದಿಲ್ಲ.

ಪೈಪು ಇಟ್ಟ ಜಾಗವೇ ಒಡ್ಡಿನ ಬಲಹೀನ ಜಾಗ. ರೋಲರ್ ಅಲ್ಲಿಗೆ ತಲುಪುವುದಿಲ್ಲ, ಪೈಪಿನ ಹೊಟ್ಟೆಯ ಕೆಳಗೆ ಟೊಳ್ಳು ಉಳಿಯುತ್ತದೆ, ನೀರು ಪೈಪನ್ನೇ ಹಿಡಿದು ಹೊರಗೆ ಬರುತ್ತದೆ. 10 ಸೆಂ.ಮೀ. ಪದರ ಹಾಕಿ ಕೈ ದಿಮ್ಮಸಿನಿಂದ ಬಡಿಯಲೇಬೇಕು. ಹೊರಬದಿಯ ಕೊನೆಯ ಭಾಗದಲ್ಲಿ ಪೈಪಿನ ಸುತ್ತ ಮರಳಿನ ಪಟ್ಟಿ ಕೊಟ್ಟರೆ ಜಿನುಗು ನೀರು ಬಂದರೂ ಮಣ್ಣು ಬರುವುದಿಲ್ಲ.

ಮಣ್ಣಿನ ವಿಷಯಕ್ಕೆ ಬಂದರೆ, ಎರಿ ನೀರು ತಡೆಯುತ್ತದೆ, ಆದರೆ ಏಪ್ರಿಲ್, ಮೇ ಬಿಸಿಲಿಗೆ ಬಿರಿಯುತ್ತದೆ. ಒಡ್ಡನ್ನು ಪೂರಾ ಎರಿಯಿಂದಲೇ ಕಟ್ಟಿದರೆ ಜೂನ್‌ನ ಮೊದಲ ದೊಡ್ಡ ನೀರು ಆ ಬಿರುಕಿನಲ್ಲೇ ಹೊಗುತ್ತದೆ. ನಡುವಿನ ಗರ್ಭಕ್ಕೆ ಎರಿ, ಎರಡೂ ಬದಿಗೆ, ತಲೆಗೆ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು); ಗರಸಿನ ಹೊದಿಕೆ ಅರ್ಧ ಮೀಟರ್‌ಗೆ ಕಡಿಮೆ ಬೇಡ. ಒಳ ಇಳಿಜಾರು ಎತ್ತರ 1ಕ್ಕೆ ಅಡ್ಡಗಲ 2.5ರಿಂದ 3, ಹೊರಗೆ 1ಕ್ಕೆ 2. ಗರ್ಭದ ಕೆಳಗೆ ತೋಡುವ ಕಂದಕ ಗಟ್ಟಿ ನೆಲ ಸಿಗುವ ತನಕ ಇಳಿಯಬೇಕು. ಮಣ್ಣು 15ರಿಂದ 20 ಸೆಂ.ಮೀ. ಪದರ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಕೆಸರು ಅಂಟಬಾರದು. ಜೆಸಿಬಿಯಿಂದ ಸುರಿದು ಟ್ರ್ಯಾಕ್ಟರ್ ಓಡಿಸಿದ್ದನ್ನು ದಿಮ್ಮಸು ಎನ್ನಲಾಗದು; ಅಂಥ ಒಡ್ಡು ಎತ್ತರದ ಹತ್ತರಲ್ಲೊಂದು ಪಾಲು ಕುಸಿಯುವುದು ಸಾಮಾನ್ಯ.

ಕೆಲವು ಎರಿ ಮಣ್ಣು ಸವಳಿನದ್ದಾಗಿ ನೀರಿನಲ್ಲಿ ತಾನಾಗಿಯೇ ಕದಡುತ್ತದೆ. ಗಾಜಿನ ಲೋಟದಲ್ಲಿ ಮಳೆನೀರು ಹಾಕಿ ಗೋಲಿ ಗಾತ್ರದ ಹೆಂಟೆಯೊಂದನ್ನು ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಉದುರಿ ಗುಡ್ಡೆಯಾದರೆ ಚಿಂತೆಯಿಲ್ಲ. ಹತ್ತು ನಿಮಿಷದಲ್ಲಿ ಲೋಟದ ತಳದಲ್ಲಿ ಮಂಜಿನಂಥ ಕದಡು ಹರಡಿದರೆ ಆ ಮಣ್ಣು ಬೇಡ. ಬೇರೆ ಸಿಗದಿದ್ದರೆ ಸುಣ್ಣ ಬೆರೆಸಬೇಕು. ಬೋರ್ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಗಡಸುತನ ಕದಡನ್ನು ಅಡಗಿಸುತ್ತದೆ.

ಒಡ್ಡಿನ ಮೇಲೆ ಬಳ್ಳಾರಿ ಜಾಲಿ ಬೆಳೆಯಲು ಬಿಡಬಾರದು. ಸತ್ತ ಬೇರು ಕೊಳೆತ ಮೇಲೆ ಅದರ ಜಾಗ ನೀರಿಗೆ ದಾರಿ. ಗರಿಕೆ ಸಾಕು. ಹೊರಬದಿಯ ಬುಡದಲ್ಲಿ ತಿಳಿನೀರು ಒಂದೇ ಸಮನೆ ಜಿನುಗಿದರೆ ಗುರುತು ಹಾಕಿ ನೋಡುತ್ತಿರಿ. ನೀರು ರಾಡಿಯಾದರೆ ಒಳಗಿನ ಮಣ್ಣು ಹೊರಡುತ್ತಿದೆ ಎಂದರ್ಥ. ಆಗ ನೀರು ಜಿನುಗುವ ಬಾಯಿಗೆ ಮಣ್ಣು ಮೆತ್ತಿದರೆ ನೀರು ಪಕ್ಕದಲ್ಲಿ ಒಡೆಯುತ್ತದೆ. ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿ: ನೀರು ಬರಲಿ, ಮಣ್ಣು ನಿಲ್ಲಲಿ. ತೂಬು ಪೂರ್ತಿ ತೆರೆದು ಕೆಳಗಿನ ಹೊಲದವರನ್ನು ಎಬ್ಬಿಸಿ, ಪಂಚಾಯಿತಿಗೆ ಆಗಲೇ ತಿಳಿಸಿ.

ಇನ್ನು ಹೂಳು. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಮಣ್ಣು ಬಂದು ಕೂಡುತ್ತದೆ ಎಂದು ಹಿಡಿದರೂ 50 ಹೆಕ್ಟೇರಿಗೆ 500 ಟನ್, ಸುಮಾರು 400 ಘನ ಮೀಟರ್. 3 ಘನ ಮೀಟರ್ ಹಿಡಿಯುವ ಟ್ರಾಲಿಯಲ್ಲಿ 130ಕ್ಕೂ ಹೆಚ್ಚು ಟ್ರಿಪ್. ಮೂರು ವರ್ಷ ಬಿಟ್ಟರೆ ಈ ಕೆಲಸ ಊರಿನ ಕೈ ಮೀರುತ್ತದೆ. ಯಾದಗಿರಿಯ ಮಸಾರಿ (ಮರಳು ಬೆರೆತ ಕೆಂಪು ಮಣ್ಣಿನ) ಹೊಲಕ್ಕೆ, ಬೀದರಿನ ಕೆಂಪು ನೆಲಕ್ಕೆ ಈ ಹೂಳು ಒಳ್ಳೆಯದು, ತೇವ ಹಿಡಿಯುತ್ತದೆ. ಎರಿ ಹೊಲಕ್ಕೆ ಹೇರಿ ಅಷ್ಟು ಲಾಭವಿಲ್ಲ. ತೆಗೆಯುವಾಗ ಒಡ್ಡಿನ ಒಳಬುಡದಿಂದ ಕಡಿಮೆಯೆಂದರೆ 10 ಮೀಟರ್ ಬಿಡಿ, ಮೂಲ ನೆಲಕ್ಕಿಂತ ಕೆಳಗೆ ಬಕೆಟ್ ಇಳಿಸಬೇಡಿ. ಬುಡ ಕೆತ್ತಿದರೆ ಒಳ ಇಳಿಜಾರು ಜಾರುತ್ತದೆ. ತಳದ ಜಿಗುಟು ಪದರ ಹರಿದು ಕೆಳಗಿನ ಗರಸು ಬಯಲಾದರೆ, ನೀರು ಒಡ್ಡಿನಡಿಯಿಂದಲೇ ನುಸುಳಿ ಹೋಗುತ್ತದೆ.