ಜೊಂಬಾ ಬೆಟ್ಟದ ಬುಡದಲ್ಲಿ ಒಂದು ವರ್ಷ: ಕಲಿಸಿದ್ದರ, ಕಲಿತದ್ದರ ದಾಖಲೆ

ಆಗಸ್ಟ್ 2023

ಮಲಾವಿ ದೇಶದ ದಕ್ಷಿಣ ಭಾಗದಲ್ಲಿ, ಜೊಂಬಾ ಪ್ರಸ್ಥಭೂಮಿಯ ಬುಡದಲ್ಲಿರುವ ಹಳ್ಳಿಯೊಂದಕ್ಕೆ ಬಂದು ಇಂದಿಗೆ ಹತ್ತು ದಿನಗಳಾದವು. ಇಲ್ಲಿನ ಕ್ರೈಸ್ತ ಸಭೆಯವರು ನಡೆಸುವ ಮಾಧ್ಯಮಿಕ ಶಾಲೆಯಲ್ಲಿ ಒಂದು ವರ್ಷ ಗಣಿತ ಕಲಿಸಬೇಕು, ಭಾನುವಾರ ಸಂಡೇ ಸ್ಕೂಲ್ ನೋಡಿಕೊಳ್ಳಬೇಕು ಎಂಬ ಹೊಣೆ ಹೊತ್ತು ಬಂದಿದ್ದೇನೆ. ನನಗೆ ನಾನೇ ಹಾಕಿಕೊಂಡ ಗುರಿಗಳು ಎರಡು. ಫಾರ್ಮ್ 1ರ, ಅಂದರೆ ಮಾಧ್ಯಮಿಕ ಶಾಲೆಯ ಮೊದಲ ತರಗತಿಯ, ಮಕ್ಕಳೆಲ್ಲರೂ ವರ್ಷ ಮುಗಿಯುವುದರೊಳಗೆ ಭಿನ್ನರಾಶಿ ಮತ್ತು ಋಣ ಸಂಖ್ಯೆಗಳ ಲೆಕ್ಕವನ್ನು ಯಾರ ನೆರವಿಲ್ಲದೆ ಮಾಡುವಂತಾಗಬೇಕು. ನಾನು ಒಮ್ಮೆಯಾದರೂ ದುಭಾಷಿಯಿಲ್ಲದೆ ಚಿಚೇವಾ ಭಾಷೆಯಲ್ಲಿ ದೇವರ ವಾಕ್ಯವನ್ನು ಹಂಚಿಕೊಳ್ಳಬೇಕು. ಈ ಎರಡರ ಪ್ರಗತಿಯನ್ನು ಬರೆದಿಡುವುದಕ್ಕಾಗಿ ಈ ದಾಖಲೆಯನ್ನು ಆರಂಭಿಸಿದ್ದೇನೆ.

ಜೊಂಬಾ 1975ರವರೆಗೆ ಈ ದೇಶದ ರಾಜಧಾನಿಯಾಗಿತ್ತು. ಅನಂತರ ರಾಜಧಾನಿ ಲಿಲೊಂಗ್ವೆಗೆ ಹೋಯಿತು. ಬೆಟ್ಟದ ಮೇಲಿನಿಂದ ಪೂರ್ವಕ್ಕೆ ನೋಡಿದರೆ ಚಿಲ್ವಾ ಸರೋವರ ಬೆಳ್ಳಿಯ ತಗಡಿನಂತೆ ಕಾಣುತ್ತದೆ. ಹೊರಹರಿವಿಲ್ಲದ, ಆಳವಿಲ್ಲದ ಈ ಉಪ್ಪುನೀರಿನ ಸರೋವರ ಮಳೆ ಕೈಕೊಟ್ಟ ಕೆಲವು ವರ್ಷಗಳಲ್ಲಿ ಪೂರ್ತಿಯಾಗಿ ಬತ್ತಿಹೋದದ್ದುಂಟು. ಆದರೆ ಇಲ್ಲಿಯವರು ಈಗ ಮಾತನಾಡುವುದು ಮಳೆ ಹೆಚ್ಚಾದದ್ದರ ಬಗ್ಗೆ. ಕಳೆದ ಮಾರ್ಚ್‌ನಲ್ಲಿ ಬಂದ ಫ್ರೆಡ್ಡಿ ಚಂಡಮಾರುತದಲ್ಲಿ ಬೆಟ್ಟಗಳು ಜರಿದು, ದಕ್ಷಿಣ ಮಲಾವಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಶಾಲೆಯ ಹಿಂದಿನ ಹಳ್ಳದ ಉದ್ದಕ್ಕೂ ಆನೆಯ ಗಾತ್ರದ ಬಂಡೆಗಳು ಉರುಳಿಬಂದು ನಿಂತಿವೆ. ಅವುಗಳ ಬಗ್ಗೆ ನಾನು ಯಾರನ್ನೂ ಏನನ್ನೂ ಕೇಳಿಲ್ಲ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ.

ಸೆಪ್ಟೆಂಬರ್

ತರಗತಿಗಳು ಆರಂಭವಾದವು. ಫಾರ್ಮ್ 1ರಲ್ಲಿ 62 ಮಕ್ಕಳಿದ್ದಾರೆ, ಪಠ್ಯಪುಸ್ತಕಗಳು 14. ಪ್ರಾಥಮಿಕ ಶಿಕ್ಷಣ ಇಲ್ಲಿ 1994ರಿಂದ ಉಚಿತ, ಎಂಟು ವರ್ಷಗಳ ನಂತರ ಪರೀಕ್ಷೆ ಬರೆದು ಆಯ್ಕೆಯಾದವರು ಮಾತ್ರ ಮುಂದಕ್ಕೆ ಬರುತ್ತಾರೆ. ಹಾಗಾಗಿ ಈ ಬೆಂಚುಗಳ ಮೇಲೆ ಕುಳಿತಿರುವ ಪ್ರತಿಯೊಬ್ಬರ ಹಿಂದೆಯೂ ಬರಲಾಗದ ಹಲವರಿದ್ದಾರೆ.

ನಾನು ಇಂಗ್ಲಿಷಿನಲ್ಲಿ ಪಾಠ ಮಾಡುತ್ತೇನೆ, ಏಕೆಂದರೆ ಮಾಧ್ಯಮಿಕ ಶಾಲೆಯ ಮಾಧ್ಯಮ ಅದೇ. ಪ್ರತಿ ಲೆಕ್ಕದ ಕೊನೆಯಲ್ಲಿ ಅರ್ಥವಾಯಿತೇ ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಏಏ’ ಎನ್ನುತ್ತದೆ. ಚಿಚೇವಾದಲ್ಲಿ ಅದು ಹೌದು ಎಂಬುದಕ್ಕಿರುವ ವಿನಯದ ಉತ್ತರ. ಮೂರನೆಯ ವಾರದಲ್ಲಿ ಒಂದು ಸಣ್ಣ ಪರೀಕ್ಷೆ ಕೊಟ್ಟೆ. ಭಿನ್ನರಾಶಿಗಳ ಐದು ಲೆಕ್ಕಗಳಲ್ಲಿ ಮೂರನ್ನಾದರೂ ಸರಿಯಾಗಿ ಮಾಡಿದವರು 11 ಮಂದಿ. ಆ ರಾತ್ರಿ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಮಕ್ಕಳು ನನಗೆ ಸುಳ್ಳು ಹೇಳಿರಲಿಲ್ಲ. ದೂರದಿಂದ ಬಂದ ಹಿರಿಯಳೊಬ್ಬಳು ಎಲ್ಲರೆದುರು ಕೇಳಿದಾಗ ಇಲ್ಲ ಎನ್ನುವುದು ಅಗೌರವವೆಂದು ಅವರಿಗೆ ಮನೆಯಲ್ಲಿ ಕಲಿಸಿದ್ದಾರೆ. ಆ ಪ್ರಶ್ನೆಯನ್ನು ಹಾಗೆ ಕೇಳಿದ್ದೇ ನನ್ನ ತಪ್ಪು.

ಅಕ್ಟೋಬರ್

ಈ ತಿಂಗಳು ಗಣಿತಕ್ಕಿಂತ ಭಾಷೆಗೆ ಹೆಚ್ಚು ಸಮಯ ಕೊಟ್ಟಿದ್ದೇನೆ. ಸಂಜೆ ಐದರಿಂದ ಆರರವರೆಗೆ ಸಭೆಯ ಹಿರಿಯರೊಬ್ಬರು, ನಿವೃತ್ತ ಶಿಕ್ಷಕರು, ನನಗೆ ಚಿಚೇವಾ ಕಲಿಸುತ್ತಾರೆ. ಕನ್ನಡದ ಕಿವಿಗೆ ಈ ಭಾಷೆಯಲ್ಲಿ ಹತ್ತಿರವಾಗುವ ಸಂಗತಿಗಳು ಹಲವಿವೆ. ‘ಇವೆ’ ಎಂದರೆ ನೀನು, ‘ಇನು’ ಎಂದರೆ ನೀವು. ಒಬ್ಬರೇ ಇದ್ದರೂ ಹಿರಿಯರಾದರೆ ಬಹುವಚನವೇ ಬರಬೇಕು, ಕ್ರಿಯಾಪದವೂ ಅದನ್ನು ಅನುಸರಿಸಬೇಕು. ಶಿಕ್ಷಕ ಎಂಬುದಕ್ಕೆ ‘ಎಂಫುಂಜಿತ್ಸಿ’ ಎಂಬ ಪದವಿದ್ದರೂ ಮಕ್ಕಳು ನನ್ನನ್ನು ‘ಅಫುಂಜಿತ್ಸಿ’ ಎಂದೇ ಕರೆಯುತ್ತಾರೆ. ಮುಂದಿನ ಆ ‘ಅ’ಕಾರ ನಮ್ಮ ‘ಅವರು’ ಮಾಡುವ ಕೆಲಸವನ್ನೇ ಮಾಡುತ್ತದೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಕ್ರಿಯಾಪದಗಳು. ‘ಕುಫುಂಜಿರ’ ಎಂದರೆ ಕಲಿಯುವುದು, ‘ಕುಫುಂಜಿತ್ಸ’ ಎಂದರೆ ಕಲಿಸುವುದು. ಧಾತು ಒಂದೇ, ಕನ್ನಡದ ‘ಕಲಿ’ಗೆ ‘ಇಸು’ ಸೇರಿ ‘ಕಲಿಸು’ ಆದಂತೆ, ಪ್ರೇರಣಾರ್ಥದಲ್ಲಿ ಅದರ ಕೊನೆ ಮಾತ್ರ ಬದಲಾಗುತ್ತದೆ. ಎರಡೂ ಭಾಷೆಗಳ ಪ್ರಕಾರ, ಎದುರಿಗಿರುವವರು ಕಲಿಯದಿದ್ದರೆ ನಾನು ಕಲಿಸಿಯೇ ಇಲ್ಲ. ಹಾಗೆ ನೋಡಿದರೆ ಸೆಪ್ಟೆಂಬರ್‌ನಲ್ಲಿ ನಾನು ಕಲಿಸಿದ್ದು 11 ಮಂದಿಗೆ. ‘ಕುತುಮ’ ಎಂದರೆ ಕಳುಹಿಸುವುದು. ಅದೇ ಧಾತುವಿನಿಂದ ಬಂದ ‘ಕುತುಮಿಕಿರ’ ಎಂದರೆ ಸೇವೆ ಮಾಡುವುದು. ಹಿರಿಯರು ಇದನ್ನು ಬಿಡಿಸಿ ಹೇಳುತ್ತಾ, ಮನೆಯಲ್ಲಿ ದೊಡ್ಡವರು ನೀರಿಗೋ ಬೆಂಕಿಗೋ ಓಡಿಸುವ ಮಗುವನ್ನು ನೆನೆಯಿರಿ, ಕಳುಹಿಸಿದ ಕಡೆ ಹೋಗಿ ಬರುವುದೇ ಸೇವೆ ಎಂದರು. ಮಿಷನರಿ ಎಂಬ ಪದವನ್ನು ಇಷ್ಟು ವರ್ಷ ಬಳಸಿಯೂ ಅದರಲ್ಲಿ ಆ ಓಡಾಡುವ ಮಗುವನ್ನು ನಾನು ಕಂಡಿರಲಿಲ್ಲ.

ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಕ್ಲೆಮೆಂಟ್ ಸ್ಕಾಟ್ ಬ್ಲಾಂಟೈರ್‌ನಲ್ಲಿದ್ದು ಸಿದ್ಧಪಡಿಸಿದ ಮಂಗಾಂಜ ನಿಘಂಟು 1892ರಲ್ಲಿ ಅಚ್ಚಾಯಿತು. ಚಿಚೇವಾ ಆ ಭಾಷೆಯ ಸೋದರಿ, ಬಹುಮಟ್ಟಿಗೆ ಅದೇ ಭಾಷೆ. ಕಿಟ್ಟೆಲರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಒಂದೇ ಕಾಲದಲ್ಲಿ ಎರಡು ಖಂಡಗಳಲ್ಲಿ ಇಬ್ಬರು ಒಂದೊಂದೇ ಪದವನ್ನು ಕೂಡಿಸಿ ಬರೆದುಕೊಳ್ಳುತ್ತಿದ್ದರೆಂಬುದು ನನಗೆ ಧೈರ್ಯ ಕೊಡುತ್ತದೆ. ನನ್ನ ಪದಗಳ ಪುಸ್ತಕದಲ್ಲಿ ಇಂದಿಗೆ 340 ಪದಗಳಿವೆ.

ನವೆಂಬರ್

ಈ ತಿಂಗಳು ತರಗತಿಯಲ್ಲಿ ಒಂದು ಬಾಗಿಲು ತೆರೆಯಿತು. ಹುಡುಗನೊಬ್ಬ ಹಲಗೆಯ ಮುಂದೆ ನಿಂತು 8ಕ್ಕೆ 7 ಕೂಡಿಸಬೇಕಿತ್ತು. ಅವನು ಇಂಗ್ಲಿಷಿನಲ್ಲಿ ಏನನ್ನೂ ಹೇಳಲಿಲ್ಲ. ಬೆನ್ನ ಹಿಂದೆ ಕೈ ಇಟ್ಟುಕೊಂಡು, ಒಂದು ಮುಷ್ಟಿಯನ್ನು ಮುಚ್ಚಿ, ಇನ್ನೊಂದರ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ‘ಜಿಸಾನು ನ್ದಿ ಜಿತಾತು’ ಎಂದು ಪಿಸುಗುಟ್ಟಿದ. ಚಿಚೇವಾದಲ್ಲಿ ಐದರಾಚೆಗೆ ಹತ್ತರವರೆಗೆ ಬೇರೆ ಹೆಸರುಗಳಿಲ್ಲ. ಆರು ಎಂದರೆ ಐದು ಮತ್ತು ಒಂದು, ಎಂಟು ಎಂದರೆ ಐದು ಮತ್ತು ಮೂರು. ಆ ಮುಚ್ಚಿದ ಮುಷ್ಟಿ ಐದು. ಬಿಡಿಸಿದ ಬೆರಳುಗಳು ಮೂರು. ನಾನು ತಕ್ಷಣ ಹಲಗೆಯ ಮೇಲೆ 8ನ್ನು 5+3 ಎಂದೂ 7ನ್ನು 5+2 ಎಂದೂ ಬರೆದು, ಎರಡು ಐದುಗಳನ್ನು ಸೇರಿಸಿ ಗೆರೆ ಎಳೆದೆ. ಅವನು ತಿರುಗಿ ನೋಡದೆಯೇ ಹದಿನೈದು ಎಂದ. ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಅವರ ಮನೆಯ ಲೆಕ್ಕ ಶಾಲೆಯ ಹಲಗೆಯ ಮೇಲೆ ಬಂದದ್ದನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದರು.

ಅಂದಿನಿಂದ ಕ್ರಮವನ್ನು ಬದಲಿಸಿದ್ದೇನೆ. ಅರ್ಥವಾಯಿತೇ ಎಂದು ಕೇಳುವುದಿಲ್ಲ. ಒಂದು ಲೆಕ್ಕ ತೋರಿಸಿದ ಮೇಲೆ ನಾಲ್ಕು ನಾಲ್ಕು ಮಕ್ಕಳು ಗುಂಪಾಗಿ ಕುಳಿತು, ತಮ್ಮ ಭಾಷೆಯಲ್ಲಿ ಒಬ್ಬರಿಗೊಬ್ಬರು ವಿವರಿಸಬೇಕು. ಆಮೇಲೆ ಗುಂಪಿನಲ್ಲಿ ಅತ್ಯಂತ ಮೌನವಾಗಿರುವವರು ಹಲಗೆಗೆ ಬರಬೇಕು. ಕಿವಿಗೆ ಬೀಳುವುದೆಲ್ಲ ನನಗೆ ಅರ್ಥವಾಗುವುದಿಲ್ಲ, ಆದರೂ ಎಲ್ಲಿ ಮಾತು ತಡವರಿಸುತ್ತದೆ ಎಂಬುದು ಗೊತ್ತಾಗುತ್ತದೆ.

ಋಣ ಸಂಖ್ಯೆಗಳಿಗೆ ಉದಾಹರಣೆ ಹುಡುಕಬೇಕಾಗಿ ಬರಲಿಲ್ಲ. ಈ ತಿಂಗಳ ಎರಡನೆಯ ವಾರ ಇಲ್ಲಿನ ಹಣವಾದ ಕ್ವಾಚಾದ ಬೆಲೆಯನ್ನು ಇಳಿಸಿದರು. ಡಾಲರ್ ಒಂದಕ್ಕೆ 1,180 ಇದ್ದದ್ದು 1,700 ಆಯಿತು. ಮರುದಿನವೇ ಸೋಪು, ಎಣ್ಣೆ, ನೋಟ್‌ಬುಕ್‌ಗಳೆಲ್ಲ ದುಬಾರಿಯಾದವು. ‘ಎನ್ಗೊಂಗೊಲೆ’, ಅಂದರೆ ಸಾಲ, ಎಂಬ ಪದವನ್ನು ಬಳಸಿ ಶೂನ್ಯಕ್ಕಿಂತ ಕೆಳಗಿನ ಸಂಖ್ಯೆಗಳನ್ನು ವಿವರಿಸಿದಾಗ ಯಾರಿಗೂ ಎರಡನೆಯ ಬಾರಿ ಹೇಳಬೇಕಾಗಲಿಲ್ಲ. ಪಾಠ ಚೆನ್ನಾಗಿ ಸಾಗಿತು. ಅದು ಅಷ್ಟು ಸುಲಭವಾದದ್ದಕ್ಕೆ ಮನಸ್ಸು ಭಾರವಾಯಿತು.

ಜನವರಿ 2024

ಡಿಸೆಂಬರ್‌ನಲ್ಲಿ ಬರೆಯುವಂಥದ್ದು ಹೆಚ್ಚಿರಲಿಲ್ಲ. ಕ್ರಿಸ್ಮಸ್ ಆರಾಧನೆ ನಾಲ್ಕು ಗಂಟೆ ನಡೆಯಿತು, ಏಳು ಗಾಯಕ ತಂಡಗಳು ಹಾಡಿದವು.

ಜನವರಿ 15 ಇಲ್ಲಿ ಜಾನ್ ಚಿಲೆಂಬ್ವೆ ದಿನ, ಸರ್ಕಾರಿ ರಜೆ. ಚಿಲೆಂಬ್ವೆ ಅಮೆರಿಕದಲ್ಲಿ ಓದಿ ಬಂದ ಸಭಾಪಾಲಕರು. ಇಲ್ಲಿಗೆ ಸಮೀಪದ ಚಿರಾಡ್ಜುಲುವಿನಲ್ಲಿ ಮಿಷನ್ ಕಟ್ಟಿ, ಶಾಲೆಗಳನ್ನು ತೆರೆದವರು. ತೋಟಗಳಲ್ಲಿ ಬಾಡಿಗೆಯ ಬದಲು ಮಾಡಿಸಿಕೊಳ್ಳುತ್ತಿದ್ದ ದುಡಿಮೆ ಮತ್ತು ಬೇರೆಯವರ ಯುದ್ಧದಲ್ಲಿ ಸಾಯಲು ಆಫ್ರಿಕನ್ನರನ್ನು ಕಳುಹಿಸಿದ್ದು ಅವರನ್ನು 1915ರಲ್ಲಿ ದಂಗೆಗೆ ತಳ್ಳಿದವು. ದಂಗೆ ಕೆಲವೇ ದಿನಗಳಲ್ಲಿ ಅಡಗಿತು, ಅವರನ್ನು ಗುಂಡಿಟ್ಟು ಕೊಂದರು, ಅವರು ಕಟ್ಟಿದ ಇಟ್ಟಿಗೆಯ ಚರ್ಚನ್ನು ಕೆಡವಿದರು. ಇಂದು ಈ ದೇಶದ ನೋಟುಗಳ ಮೇಲೆ ಅವರ ಚಿತ್ರವಿದೆ. ಹೊರಗಿನಿಂದ ಸೇವೆಗೆಂದು ಬರುವ ಪ್ರತಿಯೊಬ್ಬರೂ ಈ ಕಥೆಯನ್ನು ಮೊದಲ ವಾರದಲ್ಲೇ ಕೇಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸುವಾರ್ತೆಯನ್ನು ತಂದವರ ಹಡಗುಗಳಲ್ಲಿ ಬೇರೆ ಏನೇನು ಬಂದಿತೆಂಬುದನ್ನು ಇಲ್ಲಿಯವರು ಮರೆತಿಲ್ಲ. ಆದರೂ ನನ್ನನ್ನು ಮನೆಯೊಳಗೆ ಕರೆದು ಕೂರಿಸುತ್ತಾರೆ.

ಫೆಬ್ರವರಿ

ಮಲೇರಿಯಾ ಬಂದಿತು. ಆರೋಗ್ಯ ಕೇಂದ್ರದಲ್ಲಿ ಬೆರಳಿಗೆ ಚುಚ್ಚಿ, ಹದಿನೈದು ನಿಮಿಷಗಳಲ್ಲಿ ಖಚಿತಪಡಿಸಿ, ಇಲ್ಲಿ ಎಲ್ಲರೂ ಎಲ್ಎ ಎಂದು ಕರೆಯುವ ಮಾತ್ರೆಗಳನ್ನು ಕೊಟ್ಟರು: ದಿನಕ್ಕೆ ಎರಡು ಬಾರಿಯಂತೆ ಮೂರು ದಿನ. ಎರಡನೆಯ ರಾತ್ರಿ ಚಳಿಯಿಂದ ಹಲ್ಲುಗಳು ಕಟಕಟಿಸುತ್ತಿದ್ದಾಗ, ಇಲ್ಲಿಗೆ ಸಮೀಪದ ಮಗೊಮೆರೊದಲ್ಲಿ 1861ರಲ್ಲಿ ಮಿಷನರಿಯಾಗಿ ಬಂದು ನೆಲೆಸಿದ ಬಿಷಪ್ ಮೆಕೆಂಜಿಯವರ ನೆನಪಾಯಿತು. ದೋಣಿ ಮಗುಚಿ ಔಷಧಿಗಳು ನದಿಪಾಲಾದವು. 1862ರ ಜನವರಿಯಲ್ಲಿ ಅವರು ಜ್ವರದಿಂದಲೇ ತೀರಿಕೊಂಡರು. ಅವರದ್ದೂ ಒಂದು ವರ್ಷ ತುಂಬಿರಲಿಲ್ಲ. ನನಗೂ ಅವರಿಗೂ ನಡುವೆ ಇರುವ ವ್ಯತ್ಯಾಸ ಭಕ್ತಿಯದ್ದಲ್ಲ, ಕೆಲವು ಮಾತ್ರೆಗಳದ್ದು.

ಬೆಳಗಾಗುವ ಮೊದಲೇ ಹೊರಗಿನಿಂದ ‘ಓಡಿ’ ಎಂಬ ದನಿ ಕೇಳುತ್ತಿತ್ತು. ಬಾಗಿಲು ಬಡಿಯುವ ಬದಲು ಇಲ್ಲಿ ಹೀಗೆ ಕೂಗುತ್ತಾರೆ. ಮ್ವಾನೊ ಎಂದು ಕರೆಯುವ ಸಭೆಯ ಮಹಿಳಾ ಸಂಘದವರು ಸರದಿಯ ಮೇಲೆ ಬಂದು, ಕೊಡದಲ್ಲಿ ನೀರು ತುಂಬಿಸಿ, ಮುಸುಕಿನ ಜೋಳದ ಹಿಟ್ಟಿನ ಗಂಜಿ ಕಾಯಿಸಿ, ನನ್ನ ಹಾಸಿಗೆಯ ಬದಿಯಲ್ಲಿ ನೆಲದ ಮೇಲೆ ಕುಳಿತು ಪ್ರಾರ್ಥಿಸಿ ಹೋಗುತ್ತಿದ್ದರು. ಫೆಬ್ರವರಿ ಇಲ್ಲಿ ಹಸಿವಿನ ತಿಂಗಳು. ಹಳೆಯ ಜೋಳ ಮುಗಿದಿರುತ್ತದೆ, ಹೊಸದು ಏಪ್ರಿಲ್‌ವರೆಗೆ ಬರುವುದಿಲ್ಲ. ಅದು ನನಗೆ ತಿಳಿದಿತ್ತು. ಬೇಡವೆನ್ನಲು ಬಾಯಿ ತೆರೆದಾಗ ಅವರಲ್ಲಿ ಹಿರಿಯ ತಾಯಿಯೊಬ್ಬರು ಬಟ್ಟಲನ್ನು ನನ್ನ ಕೈಗೆ ಒತ್ತಿ ಇಟ್ಟು, ಕೈ ಹಿಂದಕ್ಕೆ ತೆಗೆಯದೆ ನಾನು ಕುಡಿಯುವವರೆಗೂ ಹಾಗೆಯೇ ಹಿಡಿದಿದ್ದರು.

ಮಾರ್ಚ್

ಮಳೆ ಬರಲಿಲ್ಲ. ಎದೆಯೆತ್ತರ ಬೆಳೆದಿದ್ದ ಜೋಳ ತೆನೆ ಕಟ್ಟುವ ಹೊತ್ತಿಗೆ ಒಣಗಿತು. 28 ಜಿಲ್ಲೆಗಳಲ್ಲಿ 23ನ್ನು ವಿಪತ್ತಿಗೀಡಾದವೆಂದು ಅಧ್ಯಕ್ಷರು ಘೋಷಿಸಿದ್ದಾರೆ. ಹೋದ ಮಾರ್ಚ್‌ನಲ್ಲಿ ನೀರು ಕೊಂದ ನೆಲ ಇದೇ.

ತರಗತಿಯಲ್ಲಿ ಹಾಜರಿ 62ರಿಂದ 47ಕ್ಕೆ ಇಳಿದಿದೆ. ಬಂದವರಲ್ಲೂ ಕೆಲವರು ಹತ್ತು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ತಲೆ ಇಡುತ್ತಾರೆ. ಗಣಿತದ ಪಾಠವನ್ನು ಮೊದಲ ಅವಧಿಗೆ ತಂದೆವು. ಶಾಲೆಯಲ್ಲಿ ಬೆಳಗ್ಗೆ ಗಂಜಿ ಕೊಡುವ ಏರ್ಪಾಡಿಗೆ ನನ್ನನ್ನು ಕಳುಹಿಸಿದವರಿಗೆ ಪತ್ರ ಬರೆದೆ. ಬೋಧನೆಗೆಂದು ಇಟ್ಟ ಹಣವನ್ನು ಊಟಕ್ಕೆ ಬಳಸುವಂತಿಲ್ಲ ಎಂಬ ಉತ್ತರ ಬಂದಾಗ ಬಹಳ ನೊಂದೆ. ಎರಡನೆಯ ಪತ್ರದಲ್ಲಿ, ಹಸಿದ ಮಗುವಿಗೆ ಭಿನ್ನರಾಶಿ ಕಲಿಸಲಾಗದು, ಆದ್ದರಿಂದ ಇದೂ ಬೋಧನೆಯ ಖರ್ಚೇ ಎಂದು ವಿವರಿಸಿದ ಮೇಲೆ ಒಪ್ಪಿದರು. ಗಂಜಿ ಆರಂಭವಾದ ಎರಡನೆಯ ವಾರ ಹಾಜರಿ 58.

ಮೇ

ಸಭೆಯಲ್ಲಿ ನಾನು ಚಿಚೇವಾದಲ್ಲಿ ಮಾಡಬೇಕಿದ್ದ ಪ್ರಸಂಗಕ್ಕೆ ದಿನ ಗೊತ್ತಾಯಿತು. ಒಳ್ಳೆಯ ನೆಲದಲ್ಲಿ ಬಿದ್ದ ಬೀಜ ಫಲ ಕೊಟ್ಟಿತೆಂದು ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು ಆರಿಸಿಕೊಂಡು, ಆರು ಪುಟ ಬರೆದು ನನ್ನ ಭಾಷಾಗುರುಗಳಿಗೆ ತೋರಿಸಿದೆ. ಅವರು ವ್ಯಾಕರಣ ತಿದ್ದಿದರು, ಮರ ಮತ್ತು ಬೆಲೆ ಎರಡಕ್ಕೂ ‘ಎಂತೆಂಗೊ’ ಎಂದೇ ಬರೆಯುವುದರಿಂದ ಸ್ವರದ ಏರಿಳಿತದಲ್ಲಿ ಅವನ್ನು ಬೇರ್ಪಡಿಸಬೇಕೆಂದು ಮತ್ತೆ ಮತ್ತೆ ಹೇಳಿಸಿದರು. ಕೊನೆಗೆ ಹಾಳೆಗಳನ್ನು ಮಡಿಸಿಟ್ಟು, ಈ ವರ್ಷ ಇವರು ಮೂರು ಬಾರಿ ಬಿತ್ತಿದ್ದಾರೆ, ಮೂರು ಬಾರಿಯೂ ಒಣಗಿದೆ. ನೆಲ ಒಳ್ಳೆಯದಾಗಿದ್ದರೆ ಫಲ ಬರುತ್ತದೆ ಎಂದು ಇವರಿಗೆ ಹೇಳಬೇಡಿ ಎಂದರು. ಬೇರೆ ಯಾವ ಭಾಗವೆಂದು ಕೇಳಿದಾಗ, ಬರಗಾಲದಲ್ಲಿ ಎಲೀಯನಿಗೆ ಕೊನೆಯ ಹಿಡಿ ಹಿಟ್ಟಿನಿಂದ ರೊಟ್ಟಿ ಮಾಡಿಕೊಟ್ಟ ಚಾರೆಪ್ತದ ವಿಧವೆಯನ್ನು ನೆನಪಿಸಿದರು. ಫೆಬ್ರವರಿಯಲ್ಲಿ ಗಂಜಿಯ ಬಟ್ಟಲು ಹಿಡಿದಿದ್ದ ಆ ತಾಯಿಯ ಕೈಯನ್ನು ನೆನೆದು ಒಪ್ಪಿಕೊಂಡೆ.

ಜೂನ್

ಜೂನ್ 10ರಂದು ಉಪಾಧ್ಯಕ್ಷ ಸೌಲೊಸ್ ಚಿಲಿಮಾ ಮತ್ತು ಇತರ ಎಂಟು ಮಂದಿ ಇದ್ದ ವಿಮಾನ ಉತ್ತರದ ಚಿಕಂಗಾವ ಅರಣ್ಯದಲ್ಲಿ ಬಿದ್ದು ಎಲ್ಲರೂ ತೀರಿಕೊಂಡರು. ದೇಶದಲ್ಲಿ 21 ದಿನಗಳ ಶೋಕ. ನನ್ನ ಪ್ರಸಂಗದ ಭಾನುವಾರ ಶೋಕದ ಆರಾಧನೆಯಾಗಿ, ನನ್ನ ಸರದಿ ಎರಡು ವಾರ ಮುಂದಕ್ಕೆ ಹೋಯಿತು. ಅಂದು ಹನ್ನೆರಡು ನಿಮಿಷ ದುಭಾಷಿಯಿಲ್ಲದೆ ಮಾತನಾಡಿದೆ. ವಿಧವೆಯ ಮಡಕೆಯಲ್ಲಿ ಉಳಿದಿದ್ದ ‘ಉಫ’, ಅಂದರೆ ಹಿಟ್ಟು, ಎಂಬ ಪದ ಬಂದಾಗ ಮಹಿಳೆಯರ ಸಾಲಿನಿಂದ ಒಬ್ಬರು ಮೆಲ್ಲನೆ ಹಾಡು ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಹಾಡು ಮುಗಿಯುವವರೆಗೆ ನಿಂತು ಕಾದು, ನಿಲ್ಲಿಸಿದ ಕಡೆಯಿಂದ ಮುಂದುವರಿಸಿದೆ.

ಜುಲೈ

ವರ್ಷಾಂತ್ಯದ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದೆ. ಪರೀಕ್ಷೆ ಬರೆದವರು 56 ಮಂದಿ. ಭಿನ್ನರಾಶಿ ಮತ್ತು ಋಣ ಸಂಖ್ಯೆಗಳ ಭಾಗದಲ್ಲಿ ತೇರ್ಗಡೆಯಾದವರು 41. ಆರು ಮಕ್ಕಳು ಮಾರ್ಚ್‌ನ ನಂತರ ಮರಳಲೇ ಇಲ್ಲ. ಅವರಲ್ಲಿ ನಾಲ್ವರು ಹುಡುಗಿಯರು, ಇಬ್ಬರಿಗೆ ಮದುವೆಯಾಗಿದೆಯೆಂದು ತಿಳಿಯಿತು. ಮೊದಲ ಗುರಿ ಪೂರ್ತಿಯಾಗಲಿಲ್ಲ ಎಂದೇ ದಾಖಲಿಸುತ್ತೇನೆ.

ಸೆಪ್ಟೆಂಬರ್‌ನಿಂದ ಈ ತರಗತಿಗೆ ಗಣಿತ ಕಲಿಸುವವರು ಇದೇ ಜಿಲ್ಲೆಯ ಯುವ ಶಿಕ್ಷಕರು. ಅವರಿಗೆ ಮಕ್ಕಳ ಭಾಷೆ ನಾನು ಎಂದೂ ಮುಟ್ಟಲಾಗದಷ್ಟು ಚೆನ್ನಾಗಿ ಗೊತ್ತು. ನಿನ್ನೆ ಸಂಜೆ ಇಬ್ಬರೂ ಕುಳಿತು ಅಂಕಗಳ ಪುಸ್ತಕವನ್ನು ಸಾಲು ಸಾಲಾಗಿ ನೋಡಿದೆವು. ತೇರ್ಗಡೆಯಾಗದ 15 ಮಕ್ಕಳ ಎದುರು ಯಾರು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅವರು ಚಿಚೇವಾದಲ್ಲಿ ಬರೆದುಕೊಂಡರು. ಮರಳಿಬಾರದ ಆರು ಮಕ್ಕಳ ಹೆಸರುಗಳನ್ನು ಪುಸ್ತಕದಿಂದ ತೆಗೆಯದೆ ಹಾಗೆಯೇ ಉಳಿಸಿದೆವು. ಶಾಲೆ ತೆರೆಯುವ ಮೊದಲು ಅವರ ಮನೆಗಳಿಗೆ ಹೋಗಿ ಬರುತ್ತೇನೆಂದು ಆ ಯುವ ಶಿಕ್ಷಕರು ಹೇಳಿದ್ದಾರೆ.